ಸೀರಿ ಮ್ಯಾಲ ಅಂಗಿ: ಮಕ್ತಲ್ ಸ್ಟ್ಯಾಂಡಿನಾಗೊಂದು ಫ್ಯಾಷನ್ ಪಾಠ

ನಾರಾಯಣಪೇಟ: ಬೆಳಿಗ್ಗೆ ಎಂಟರ ಹೊತ್ತಿಗೆ ಮಕ್ತಲ್ ಬಸ್ ಸ್ಟ್ಯಾಂಡಿಗೆ ಬಂದು ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಒಂದು ಕಡೆ ರಾಯಚೂರಿನಿಂದ ಕೃಷ್ಣಾ ನದಿ ದಾಟಿ ಬಂದ ಬಸ್ಸು, ಇನ್ನೊಂದು ಕಡೆ ಮಹಬೂಬ್‌ನಗರಕ್ಕೆ ಹೊರಟ ಬಸ್ಸು. ನಡುವೆ ಕಾಲೇಜು ಹುಡುಗಿಯರು, ಕಚೇರಿಗೆ ಹೋಗುವ ಮೇಡಂಗಳು, ಬುತ್ತಿ ಗಂಟು ಹಿಡಿದ ಕೂಲಿ ಹೆಣ್ಮಕ್ಕಳು. ಆ ಕೂಲಿ ಹೆಣ್ಮಕ್ಕಳನ್ನು ಸ್ವಲ್ಪ ಗಮನಿಸಿ. ಮಾಸಿದ ಸೀರೆಯನ್ನು ಮೊಣಕಾಲಿನ ಕೆಳಗೆ ಎತ್ತಿ ಸಿಗಿಸಿರುತ್ತಾರೆ. ಸೀರೆ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಚೌಕಳಿ ಅಂಗಿ. ತಲೆಗೆ ಟವೆಲ್. ಅಂಗಿಯ ಜೇಬಿನಲ್ಲಿ ಮೊಬೈಲು.

ಇದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಹಾಗಾಗಿ ಎಂದೂ ನೋಡಿರಲೇ ಇಲ್ಲ ಎನ್ನಬೇಕು. ನೋಡುವಂತೆ ಮಾಡಿದ್ದು ಪುಣೆಯಲ್ಲಿರುವ ನನ್ನ ತಂಗಿ. ರಜೆಗೆ ಬಂದಾಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ತೆಳ್ಳಗಿನ ಮಾಡೆಲ್ ಹುಡುಗಿ, ಕಾಟನ್ ಸೀರೆ, ಕುಪ್ಪಸದ ಬದಲು ಗಂಡಸರ ಅಂಗಿ.

‘ದಾದಾ, ಹೇ ಬಘ. ನವೀನ ಫ್ಯಾಷನ್!’ ಎಂದಳು ಮರಾಠಿಯಲ್ಲಿ.

‘ಅಯ್ಯ ತಂಗಿ, ಇದರಾಗ ನವೀನ ಏನದ? ನಮ್ಮ ಮಕ್ತಲ್ ಸ್ಟ್ಯಾಂಡಿನಾಗ ದಿನಾ ಐವತ್ತು ಮಂದಿ ಹಿಂಗ ನಿಂತಿರ್ತಾರ’ ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಹೊಲದ ಹೆಣ್ಮಗಳು ತೊಟ್ಟಿದ್ದು ಶಹರದ ಅಂಗಡಿಯಲ್ಲಿ ಫ್ಯಾಷನ್ ಆಗುತ್ತದೆ ಅಂದರೆ, ಇಡೀ ದೇಶಕ್ಕೆ ಸೀರೆ ಕೊಟ್ಟ ನಾರಾಯಣಪೇಟ ಮತ್ತು ಗದ್ವಾಲ್‌ನ ನೇಕಾರರು ಈ ಬೀದಿಯಿಂದ ಏನು ಕಲಿಯುತ್ತಿದ್ದಾರೆ? ಅಥವಾ ಕಲಿಯುವುದನ್ನು ಬಿಟ್ಟಿದ್ದಾರೆಯೇ? ಅದನ್ನೇ ಹುಡುಕಿಕೊಂಡು ಮೂರೂ ಊರು ತಿರುಗಿದ್ದಾಯಿತು.

ಜೇಬಿನ ಮಹಿಮೆ

ಮೊದಲು ಅಂಗಿಯ ವಿಷಯ. ಹತ್ತಿ ಬಿಡಿಸಲು ಹೋದವರಿಗೆ ಗೊತ್ತು, ಒಣಗಿದ ಕಾಯಿಯ ಸಿಪ್ಪೆ ಕೈ ಗೀರುತ್ತದೆ. ಮೇಲೆ ಬಿಸಿಲು. ಗಿಡದ ಮೇಲೆ ಹೊಡೆದ ಎಣ್ಣೆ ಬೇರೆ. ಗದ್ವಾಲ್ ಸೀಮೆಯಲ್ಲಿ ಹೈಬ್ರಿಡ್ ಹತ್ತಿ ಬೀಜದ ಬೆಳೆ ಹೆಚ್ಚು. ಅಲ್ಲಿ ಒಂದೊಂದು ಹೂವನ್ನೂ ಕೈಯಿಂದಲೇ ಬಿಡಿಸಿ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಕೆಲಸ. ದಿನವಿಡೀ ಗಿಡದ ನಡುವೆಯೇ ನಿಲ್ಲಬೇಕು. ಅರ್ಧತೋಳಿನ ಕುಪ್ಪಸದಲ್ಲಿ ಆಗುವ ಕೆಲಸವಲ್ಲ ಇದು. ಹಾಗಾಗಿ ಮನೆಯಲ್ಲಿ ಕಾಲರ್ ಹರಿದ ಅಂಗಿ ಹೆಣ್ಮಕ್ಕಳ ಪಾಲಿಗೆ ಬರುತ್ತದೆ.

ಆದರೆ ಅಂಗಿ ಬಿಡದೆ ಇರಲು ಇನ್ನೊಂದು ಕಾರಣ ಇದೆ. ಅದು ಜೇಬು! ಸೀರೆಗೆ ಜೇಬಿಲ್ಲ. ಹಿಂದೆ ಸೊಂಟಕ್ಕೆ ಎಲೆ ಅಡಿಕೆಯ ಸಂಚಿ ಸಿಗಿಸುತ್ತಿದ್ದರು. ರೊಕ್ಕ ಸೆರಗಿನ ಗಂಟಿನಲ್ಲಿ. ಈಗ ಮೊಬೈಲ್ ಎಲ್ಲಿ ಇಡಬೇಕು? ಮಕ್ತಲ್‌ನಲ್ಲಿ ಮಾತಿಗೆ ಸಿಕ್ಕ ಒಬ್ಬ ಹೆಣ್ಮಗಳು ಅಂಗಿಯ ಜೇಬಿಗೆ ಒಳಗಿನಿಂದ ಇನ್ನೊಂದು ಬಟ್ಟೆ ಹಚ್ಚಿ ಆಳ ಮಾಡಿಕೊಂಡಿದ್ದರು, ಬಗ್ಗಿದಾಗ ಮೊಬೈಲ್ ಬೀಳಬಾರದೆಂದು. ಯಾವ ಡಿಸೈನರ್ ಹೇಳಿಕೊಟ್ಟಿದ್ದಲ್ಲ ಅದು.

ಹೊರದೇಶದ ಮಾತೂ ಇದೇ ಆಗಿದೆ. ಇಂದು ಕಾಲೇಜು ಹುಡುಗರು ತೊಡುವ ಜೀನ್ಸ್ ಪ್ಯಾಂಟಿನ ಕತೆ ಶುರುವಾಗುವುದು ಕೂಲಿಕಾರರ ಜೇಬು ಹರಿಯಬಾರದೆಂಬ ಚಿಂತೆಯಿಂದ. ಜೇಬಿನ ಮೂಲೆಗೆ ತಾಮ್ರದ ಗುಂಡಿ ಬಡಿಯುವ ಉಪಾಯಕ್ಕೆ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೆವಿ ಸ್ಟ್ರಾಸ್ ಎಂಬ ವ್ಯಾಪಾರಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1873ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಿಲ್ ಕನಿಂಗ್‌ಹ್ಯಾಮ್ ಎಂಬ ಫೋಟೊಗ್ರಾಫರ್ ಇದ್ದರು. 2016ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಸೈಕಲ್ ಮೇಲೆ ತಿರುಗುತ್ತ, ಬೀದಿಯಲ್ಲಿ ಓಡಾಡುವವರ ಬಟ್ಟೆಯ ಫೋಟೊ ತೆಗೆದೇ ಹೆಸರಾದವರು. ಅವರು ಸ್ವತಃ ತೊಡುತ್ತಿದ್ದುದು ಫ್ರಾನ್ಸಿನ ಕೂಲಿಕಾರರ ನೀಲಿ ಕೋಟು!

ನಮ್ಮ ಸಮೀಪದ್ದೇ ಬೇಕೆಂದರೆ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಷೋದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಚಪ್ಪಲಿ ಮೆರೆಸಿತು. ಎಲ್ಲಿಯದು ಎಂದು ಹೇಳಲಿಲ್ಲ. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿತು. ಆ ಚಪ್ಪಲಿಯ ಜಿಐ ಗುರುತು 2019ರಲ್ಲಿ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದ್ದವು ಎಂಬುದು ನಮ್ಮ ಎಷ್ಟೋ ಮಂದಿಗೆ ಇಂದಿಗೂ ಗೊತ್ತಿಲ್ಲ.

ಗಡಿ ಸರಿದರೂ ಸೆರಗು ಸರಿಯಲಿಲ್ಲ

ಮಕ್ತಲ್‌ಗೆ ತನ್ನ ಹೆಸರಿನ ಸೀರೆ ಇಲ್ಲ. ಆದರೆ ಎಲ್ಲ ಸೀರೆಗಳನ್ನೂ ಒಂದೇ ಕಡೆ ನೋಡಬೇಕೆಂದರೆ ಮಕ್ತಲ್‌ಗೇ ಬರಬೇಕು. ಪಡಮಟಿ ಆಂಜನೇಯಸ್ವಾಮಿ ಜಾತ್ರೆಯ ದಿನ ಬಂದರಂತೂ ಕಣ್ಣಿಗೆ ಹಬ್ಬ. ಕೃಷ್ಣಾ ಮಂಡಲದ ಕನ್ನಡದ ಹಳ್ಳಿಗಳಿಂದ ಬಂದ ಅಜ್ಜಿಯರ ಮೈಮೇಲೆ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ. ನಾರಾಯಣಪೇಟ ಕಡೆಯವರದು ಸಣ್ಣ ಚೌಕಳಿ ಒಡಲು, ಗೋಪುರದ ಅಂಚು. ನದಿಯಾಚೆ ಗದ್ವಾಲ್ ಕಡೆಯಿಂದ ಬಂದವರು ಉಳ್ಳವರಾಗಿದ್ದರೆ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು. ತಾಂಡಾದ ಮುದುಕಿಯರದು ಕನ್ನಡಿ, ಕವಡೆ, ನಾಣ್ಯ ಹಚ್ಚಿದ ಲಂಬಾಣಿ ಉಡುಪು. ಈಗ ಅಂಥವರು ಬೆರಳೆಣಿಕೆ. ಅವರ ಸೊಸೆಯರು ಎಲ್ಲರಂತೆ ಸೀರೆ, ಮೊಮ್ಮಕ್ಕಳು ಎಲ್ಲರಂತೆ ಚೂಡಿದಾರ್.

ಗಡಿ ಎಂಬುದು ಇಲ್ಲಿ ಕಾಗದದ ಮೇಲೆ ಬಹಳ ಸಲ ಓಡಾಡಿದೆ. ನಿಜಾಮರ ಕಾಲದಲ್ಲಿ ಎಲ್ಲವೂ ಹೈದರಾಬಾದ್ ಸಂಸ್ಥಾನ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಗ ನಮ್ಮ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್‌ನಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆ ಎರಡು ತಾಲ್ಲೂಕು ಆಂಧ್ರದ ಮಹಬೂಬ್‌ನಗರಕ್ಕೆ ಹೋದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ಜೋಗುಳಾಂಬ ಗದ್ವಾಲ್ ಜಿಲ್ಲೆ, 2019ರಲ್ಲಿ ನಾರಾಯಣಪೇಟ ಜಿಲ್ಲೆ. ಬೋರ್ಡುಗಳು ಬದಲಾದವು. ಮಾತು ಬದಲಾಗಲಿಲ್ಲ. ಕನ್ನಡದವರಿಗೆ ಮಗ್ಗ, ತೆಲುಗರಿಗೆ ಮಗ್ಗಂ, ಮರಾಠಿಯಲ್ಲಿ ಮಾಗ. ನಾರಾಯಣಪೇಟದ ನೇಕಾರರ ಓಣಿಯಲ್ಲಿ ಒಂದೇ ಮನೆಯಲ್ಲಿ ಮೂರೂ ಕೇಳುತ್ತವೆ. ಗಿರಾಕಿಯ ಜೊತೆ ಉರ್ದು ಬೇರೆ.

ಅಲ್ಲಿನ ಹಿರಿಯರು ಹೇಳುವ ಕತೆ ಎಲ್ಲರಿಗೂ ಗೊತ್ತಿರುವುದೇ. ಶಿವಾಜಿ ಮಹಾರಾಜರು ಈ ಮಾರ್ಗವಾಗಿ ಹೋಗುವಾಗ ಇಲ್ಲಿ ಬಿಡಾರ ಹೂಡಿದ್ದರಂತೆ, ದಂಡಿನ ಜೊತೆ ಬಂದ ಕೆಲ ನೇಕಾರರು ಇಲ್ಲಿಯೇ ಉಳಿದರಂತೆ. ಕತೆಯೋ ಇತಿಹಾಸವೋ, ಸೀರೆಯಲ್ಲಿ ಮರಾಠಿ ಕೈ ಇರುವುದಂತೂ ಕಣ್ಣಿಗೆ ಕಾಣುತ್ತದೆ. ಸೆರಗಿನ ಮೇಲೆ ಕೆಂಪು ಬಿಳಿ ಪಟ್ಟೆಗಳು ಒಂದರ ಪಕ್ಕ ಒಂದು ಬರುವ ರೀತಿ ಮಹಾರಾಷ್ಟ್ರದ ಹಳೇ ಲುಗಡಗಳಲ್ಲೂ ಇದೆ. ಇಂದಿಗೂ ಈ ಸೀರೆಗೆ ಹೆಚ್ಚು ಬೇಡಿಕೆ ಪುಣೆ, ಸೊಲ್ಲಾಪುರದ ಕಡೆಯಿಂದಲೇ.

ಇಲ್ಲೊಂದು ತಮಾಷೆ ಇದೆ. ಪುಣೆಯಲ್ಲಿ ನಾರಾಯಣ ಪೇಠ ಎಂಬ ಹಳೇ ಬಡಾವಣೆ ಇದೆ. ಸೀರೆ ಅಲ್ಲಿಯದೇ ಎಂದು ಬಹಳಷ್ಟು ಮರಾಠಿ ಹೆಣ್ಮಕ್ಕಳು ತಿಳಿದಿದ್ದಾರೆ. ಶ್ರೀಪಾದ ಶ್ರೀವಲ್ಲಭರ ಕುರವಪುರಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರು ಮಕ್ತಲ್ ಮಾರ್ಗವಾಗಿ ಪಂಚದೇವ ಪಹಾಡಕ್ಕೆ ಹೋಗಿ ನದಿ ದಾಟುತ್ತಾರೆ. ಅಂಥ ಒಬ್ಬ ಮಾವಶಿ ನಾರಾಯಣಪೇಟ ಸೀರೆ ಉಟ್ಟುಕೊಂಡೇ ಬಂದಿದ್ದರು. ಈ ಸೀರೆಯ ಊರು ಇಲ್ಲೇ ಹತ್ತಿರದಲ್ಲಿದೆ ಎಂದು ಹೇಳಿದರೆ ನಂಬಲೇ ಇಲ್ಲ. ‘ಕಾಹೀತರೀಚ ಸಾಂಗತೋಸ!’ ಎಂದುಬಿಟ್ಟರು. ಏನೇನೋ ಹೇಳ್ತೀಯ ಎಂದು.

ಒಂದು ಹಾಸಿಗೆ ಎಂಟು ಸೀರೆ

ನಾರಾಯಣಪೇಟದಲ್ಲಿ ನಾನು ಕುಳಿತದ್ದು ಒಬ್ಬ ಹಿರಿಯ ನೇಕಾರರ ಮನೆಯಲ್ಲಿ. ಪಡಸಾಲೆಯಲ್ಲಿ ಎರಡು ಕುಣಿ ಮಗ್ಗ. ಒಂದು ನಡೆಯುತ್ತಿದೆ. ಇನ್ನೊಂದರ ಕುಣಿಗೆ ಹಲಗೆ ಹಾಸಿ ಮೇಲೆ ಅಕ್ಕಿ ಚೀಲ, ಮೊಮ್ಮಗಳ ಸೈಕಲ್ಲು. ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಮಗ್ಗದ ಕೆಲಸ ಅಲ್ಲ.

ಸೀರೆಗೆ ಬಣ್ಣ ಹೇಗೆ ಆರಿಸುತ್ತೀರಿ ಎಂದು ಕೇಳಿದೆ. ಅವರು ಉತ್ತರ ಹೇಳದೆ ಮಗ್ಗದ ಹಾಸು ತೋರಿಸಿದರು.

‘ತಮ್ಮಾ, ಇಲ್ಲಿ ನೋಡು. ಒಂದು ಸೀರೀಗೆ ಹಾಸು ಹಾಕೂದಲ್ಲ ನಾವು. ಒಮ್ಮೆ ಹಾಕಿದ್ರ ಎಂಟು ಸೀರಿ ಬರ್ತಾವ. ಅಂಚಿನ ಬಣ್ಣ ಒಮ್ಮೆ ಕುಂತ್ರ ಕುಂತಂಗ. ತಪ್ಪಿದ್ರ ಎಂಟೂ ತಪ್ಪಿದಂಗ.’

ನಾರಾಯಣಪೇಟದ ನೇಯ್ಗೆಯ ಗುಟ್ಟೇ ಇದು. ಏಳು ಗಜದ ಬದಲು ಐವತ್ತಾರು ಗಜ ಹಾಸು ಒಂದೇ ಸಲ ಮಗ್ಗಕ್ಕೆ ಏರುತ್ತದೆ. ಹಾಸು ಕಟ್ಟುವ ಶ್ರಮ ಎಂಟು ಸೀರೆಗೆ ಹಂಚಿಹೋಗುವುದರಿಂದ ಸೀರೆ ಅಗ್ಗವಾಗುತ್ತದೆ. ಬಿ.ಕಾಂ. ಓದಿದ ನನಗೆ ಇಂಥ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಖರ್ಚು ಹಂಚಿಕೆಯಾಯಿತು ನಿಜ, ಆದರೆ ಅಪಾಯ ಎಂಟು ಪಟ್ಟಾಯಿತು! ಹೊಕ್ಕಿನ ನೂಲು ಬದಲಿಸಿ ಒಡಲಿಗೆ ಬೇರೆ ಛಾಯೆ ತರಬಹುದು. ಅಂಚು, ಚೌಕಳಿಯ ಉದ್ದಗೆರೆ ಬದಲಿಸಲು ಬರುವುದಿಲ್ಲ. ಶಹರದ ಡಿಸೈನರ್ ಒಂದು ಪೀಸ್ ಹೊಲಿದು ನೋಡಿ, ಬೇಡವೆಂದರೆ ಬಿಡಬಹುದು. ನೇಕಾರನಿಗೆ ಆ ಅನುಕೂಲ ಇಲ್ಲ.

ಹಾಗಾಗಿಯೇ ಹಾಸು ಏರಿಸುವ ಮೊದಲು ಬೀದಿ ನೋಡುವುದು. ಈ ಹಿರಿಯರ ತಂದೆ ಸಂತೆ ದಿನ ಮಗ್ಗಕ್ಕೆ ಕೂರುತ್ತಿರಲಿಲ್ಲವಂತೆ. ಹೋಟೆಲ್ ಕಟ್ಟೆಯ ಮೇಲೆ ಚಹಾ ಹಿಡಿದು, ಹೋಗಿಬರುವ ಹೆಣ್ಮಕ್ಕಳು ಏನು ಉಟ್ಟಿದ್ದಾರೆ ಎಂದು ನೋಡುತ್ತ ಕೂರುತ್ತಿದ್ದರು. ಅವ್ವ ಇದಕ್ಕೆ ಜಗಳ ತೆಗೆಯುತ್ತಿದ್ದಳಂತೆ. ಯಾವ ಅಂಚು ಬೇಗ ಸವೆಯುತ್ತಿದೆ, ಯಾವ ಬಣ್ಣ ಒಗೆದ ಮೇಲೂ ಚೆಂದ, ಹೊಲಕ್ಕೆ ಹೋಗುವವರು ಕಡುಬಣ್ಣ ಏಕೆ ಕೇಳುತ್ತಾರೆ (ಕೊಳೆ ಕಾಣುವುದಿಲ್ಲ) ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು. ಸಣ್ಣ ಚೌಕಳಿಗೆ ಬೇಡಿಕೆ ಏಕೆ ಎಂದರೆ, ಅದರಲ್ಲಿ ಹರಿದ ಜಾಗಕ್ಕೆ ಹಾಕಿದ ಹೊಲಿಗೆ ಕಾಣುವುದಿಲ್ಲ ಎಂದು ನಕ್ಕರು ಹಿರಿಯರು. ಕ್ಯಾಟಲಾಗು ಆಗ ಇರಲಿಲ್ಲ. ಬೀದಿಯೇ ಕ್ಯಾಟಲಾಗು.

‘ಈಗ್ಯಾಕ ಕೂಡಂಗಿಲ್ರಿ ಕಟ್ಟಿ ಮ್ಯಾಲ?’ ಎಂದು ಕೇಳಿದೆ.

‘ಕುಂತು ಏನು ನೋಡ್ಲಿ? ನಾ ನೇಯ್ದದ್ದು ಉಟ್ಟು ಒಬ್ರೂ ತಿರುಗಂಗಿಲ್ಲ. ಮನ್ಯಾಗ ನೋಡಪಾ, ನಿಮ್ಮ ಕಾಕೂನ ಉಟ್ಟಿಲ್ಲ.’

ಕಾಕು ಒಳಗಿನಿಂದ ಚಹಾ ತಂದರು. ಹೂವಿನ ಚಿತ್ರದ ಪಾಲಿಯೆಸ್ಟರ್ ಸೀರೆ. ಮಾತು ಕೇಳಿಸಿಕೊಂಡಿದ್ದರು, ಬಿಡಲಿಲ್ಲ.

‘ಉಡು ಅಂತಾರ ತಮ್ಮಾ. ಗಂಜಿ ಹಾಕೋರು ಯಾರು, ಇಸ್ತ್ರಿ ಮಾಡೋರು ಯಾರು? ಇದು ಹಿಂಡಿ ಒಗದ್ರ ತಾಸಿನಾಗ ಒಣಗ್ತದ. ಮತ್ತ, ಆ ಸೀರಿ ನಮ್ದಾ? ನೂಲು ಸಾವಕಾರಂದು, ಸೀರೀನೂ ಸಾವಕಾರಂದು. ನಮ್ಗ ಕೂಲಿ ಅಷ್ಟ.’

ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೈಮಗ್ಗದ ದಿನ ಬಂದಾಗ (2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ) ಹೆಣ್ಮಕ್ಕಳು ಕೈಮಗ್ಗದ ಸೀರೆ ಉಡಬೇಕು ಎಂದು ಭಾಷಣ ಮಾಡುವವರು ಕಾಕುವಿನ ಮುಂದೆ ನಿಂತು ಹೇಳಿ ನೋಡಲಿ. ದಿನಕ್ಕೆರಡು ಬಾರಿ ನೀರು ಹೊತ್ತು, ಕಂಡಿಕೆ ಸುತ್ತಿ, ಅಡುಗೆ ಮಾಡುವವರಿಗೆ ತಾಸಿನಲ್ಲಿ ಒಣಗುವ ಸೀರೆ ಬೇಕು. ಅದರಲ್ಲಿ ತಪ್ಪೇನಿದೆ? 2019-20ರ ನಾಲ್ಕನೇ ರಾಷ್ಟ್ರೀಯ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಯ್ಗೆ ಮತ್ತು ಅದರ ಪೂರಕ ಕೆಲಸದಲ್ಲಿರುವವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಹೆಚ್ಚಿನವರು ಹೆಣ್ಮಕ್ಕಳು. ಮೂರರಲ್ಲಿ ಸುಮಾರು ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ ಐದು ಸಾವಿರ ರೂಪಾಯಿಗಿಂತ ಕಡಿಮೆ. ತಾನು ನೇಯ್ದ ಸೀರೆ ತಾನೇ ಕೊಳ್ಳುವ ಲೆಕ್ಕ ಎಲ್ಲಿ ಕೂಡುತ್ತದೆ?

ಗದ್ವಾಲ್‌ನಲ್ಲಿ ಗೌರವ ಬೇರೆ

ಮಕ್ತಲ್‌ನಿಂದ ಗದ್ವಾಲ್‌ಗೆ ಜುರಾಲಾ ಅಣೆಕಟ್ಟಿನ ಮೇಲಿನ ರಸ್ತೆ ಹಿಡಿದು ಹೋಗಬಹುದು. ರಾಯಚೂರಿನವರಿಗೆ 2013ರಿಂದ ರೈಲು ಇದೆ. ಸೋಮನಾದ್ರಿಯ ಕೋಟೆ, ಒಳಗೆ ಚೆನ್ನಕೇಶವನ ಗುಡಿ. ಸುತ್ತಲಿನ ಓಣಿಗಳಲ್ಲಿ ಸೀರೆ ಅಂಗಡಿಗಳ ಸಾಲು. ಸಂಸ್ಥಾನದ ರಾಣಿ ಆದಿಲಕ್ಷ್ಮೀ ದೇವಮ್ಮ ನೇಕಾರರನ್ನು ಬನಾರಸ್‌ಗೆ ಕಳಿಸಿ ಕಲಿಸಿಕೊಂಡು ಬಂದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ.

ಗದ್ವಾಲ್ ಸೀರೆ ಎಂದರೆ ಜಾಣತನ. ಒಡಲು ಹತ್ತಿ, ಏಕೆಂದರೆ ಇದು ಬಿಸಿಲಿನ ಸೀಮೆ. ಅಂಚು ಮತ್ತು ಸೆರಗು ರೇಷ್ಮೆ, ಏಕೆಂದರೆ ನಾಲ್ಕು ಜನರ ಕಣ್ಣಿಗೆ ಬೀಳುವುದು ಅದೇ. ಎರಡನ್ನೂ ಆಮೇಲೆ ಹೊಲಿದು ಕೂಡಿಸುವುದಲ್ಲ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಒಡಲಿನ ಹೊಕ್ಕು ಬಂದು ಅಂಚಿನ ಹೊಕ್ಕಿಗೆ ಕೊಂಡಿಯಂತೆ ಸಿಕ್ಕಿ ವಾಪಸ್ ಹೋಗುತ್ತದೆ. ಪ್ರತಿ ಎಳೆಗೂ ಹೀಗೆ. ಇದಕ್ಕೆ ಇಲ್ಲಿ ಕುಟ್ಟು ಎನ್ನುತ್ತಾರೆ. ಹಂಸ, ನವಿಲು, ರುದ್ರಾಕ್ಷಿ, ಗೋಪುರ ಅಂಚಿನ ಮೇಲೆ ಬರುತ್ತವೆ. ಮಡಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ ಎಂಬ ಮಾತು ಇಂದಿಗೂ ಅಂಗಡಿಯವರ ಬಾಯಲ್ಲಿದೆ. ನನ್ನ ಮುಂದೆ ಯಾರೂ ಮಡಚಿ ತೋರಿಸಲಿಲ್ಲ, ಇರಲಿ!

ತಿರುಮಲದ ಬ್ರಹ್ಮೋತ್ಸವಕ್ಕೆ ಪ್ರತಿವರ್ಷ ಗದ್ವಾಲ್ ಸಂಸ್ಥಾನದ ಪರವಾಗಿ ಏರುವಾಡ ಜೋಡಿ ಪಂಚೆ ಹೋಗುತ್ತದೆ. ಹನ್ನೊಂದು ಗಜ ಉದ್ದದ ಪಂಚೆ. ನೇಯುವವರು 41 ದಿನ ವ್ರತದಲ್ಲಿರುತ್ತಾರೆ. ದೇವರ ಬಟ್ಟೆ ನೇಯುವ ಕೈ ಎಂಬ ಗೌರವ ಗದ್ವಾಲ್ ನೇಕಾರರಿಗೆ ಇದೆ. ಆದರೆ ಅಲ್ಲಿಯೂ ಬೀದಿಯ ಕತೆ ಬೇರೆ ಅಲ್ಲ. ಅಂಗಡಿಯಲ್ಲಿ ಗಾಜಿನ ಹಿಂದೆ ಗದ್ವಾಲ್, ಅಂಗಡಿ ಮುಂದೆ ಹೋಗಿಬರುವವರ ಮೈಮೇಲೆ ಸೂರತ್. ಗದ್ವಾಲ್ ಈಗ ಮದುವೆಯ ಸೀರೆ, ಉಡುಗೊರೆಯ ಸೀರೆ. ಅದರ ಬಣ್ಣವನ್ನು ಆರಿಸುವುದು ಹೈದರಾಬಾದಿನ ಶೋರೂಮಿನಿಂದ ಬರುವ ವಾಟ್ಸಾಪ್ ಫೋಟೊ. ನೇಕಾರರು ಅದನ್ನು ನೋಡಿ ನೇಯುತ್ತಾರೆ. ಒಳ್ಳೆಯದೇ, ಮಾರಾಟ ಖಾತ್ರಿ. ಆದರೆ ಈ ತಿಂಗಳು ಒಂದು ಬಣ್ಣ, ಮುಂದಿನ ತಿಂಗಳು ಇನ್ನೊಂದು. ಆರ್ಡರ್ ಕೊಟ್ಟವರು ಫೋನ್ ಎತ್ತದಿದ್ದರೆ ಸೀರೆ ಗಂಟಿನಲ್ಲೇ ಉಳಿಯುತ್ತದೆ.

ನಾನೇ ಮೋಸ ಹೋದ ಕತೆ

ಇಷ್ಟೆಲ್ಲ ಬರೆಯುವ ನಾನು ಸೀರೆ ಕೊಳ್ಳುವಾಗ ಎಷ್ಟು ಜಾಣ ಎಂದು ಹೇಳಿಬಿಡುತ್ತೇನೆ. ತಂಗಿಯ ಕುಬಸಕ್ಕೆಂದು ಪರಊರಿನ ಒಂದು ದೊಡ್ಡ ಅಂಗಡಿಯಲ್ಲಿ ‘ಪ್ಯೂರ್ ಹ್ಯಾಂಡ್‌ಲೂಮ್ ನಾರಾಯಣಪೇಟ’ ಎಂದು ಹೇಳಿ ಕೊಟ್ಟ ಸೀರೆ ತಂದೆ. ರೊಕ್ಕವೂ ಕೈಮಗ್ಗದ್ದೇ ಕೊಟ್ಟೆ. ಮನೆಗೆ ತಂದು ಆತ್ಯಾಳ ಮುಂದಿಟ್ಟೆ. ಆಕೆ ಸೀರೆ ಬಿಚ್ಚಲೂ ಇಲ್ಲ. ಅಂಚನ್ನು ತಿರುವಿ ನೋಡಿ, ಉಗುರಿನಿಂದ ಕೆರೆದು, ‘ಇದು ಮಷೀನ್ ಮಾಲ್ ಅದಪಾ’ ಎಂದು ಪಕ್ಕಕ್ಕಿಟ್ಟಳು. ನಾರಾಯಣಪೇಟದ ಹೆಸರಿನ ಸೀರೆ ನಾರಾಯಣಪೇಟದ್ದೇ ಆಗಿರಬೇಕೆಂದಿಲ್ಲ. ಪವರ್‌ಲೂಮಿನಲ್ಲಿ ನೇಯ್ದದ್ದಕ್ಕೂ ಅದೇ ಹೆಸರು ಹಚ್ಚಿ ಮಾರುತ್ತಾರೆ.

ಕಾಯ್ದೆ ಇಲ್ಲವೆಂದಲ್ಲ. ಸಾಂಪ್ರದಾಯಿಕ ಸೀರೆ ಸೇರಿದಂತೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಬಂದದ್ದು 1985ರಲ್ಲಿ. ಹ್ಯಾಂಡ್‌ಲೂಮ್ ಮಾರ್ಕ್ ಬಂದದ್ದು 2006ರಲ್ಲಿ. ನಾರಾಯಣಪೇಟ, ಗದ್ವಾಲ್ ಎರಡಕ್ಕೂ ಜಿಐ ಗುರುತು ಇದೆ. ಕೊಳ್ಳುವಾಗ ಆ ಮಾರ್ಕಿನ ಚೀಟಿ ಕೇಳಿ. ಗದ್ವಾಲ್ ಆದರೆ ಒಡಲು ಅಂಚು ಕೂಡುವ ಜಾಗವನ್ನು ಹಿಂದಿನಿಂದ ನೋಡಿ, ಕುಟ್ಟಿನ ಕೊಂಡಿ ಸಾಲು ಬೆರಳಿಗೆ ಸಿಗಬೇಕು. ಇದೂ ಬೇಡವೆಂದರೆ ಜೊತೆಗೆ ಒಬ್ಬ ಆತ್ಯಾಳನ್ನು ಕರೆದುಕೊಂಡು ಹೋಗಿ.

ಮುಂಬೈ ಬಸ್ಸಿನ ಫ್ಯಾಷನ್

ಹಾಗಾದರೆ ಈಗ ಬೀದಿಗೆ ಹೊಸದನ್ನು ತರುವವರು ಯಾರು? ಈ ಸೀಮೆಯ ಉತ್ತರ ವಿಚಿತ್ರ. ಗುಳೆ ಹೋದವರು! ಪಾಲಮೂರು ಲೇಬರ್ ಎಂದರೆ ದೇಶಕ್ಕೇ ಗೊತ್ತು. ಮಳೆ ಕೈಕೊಟ್ಟ ಊರುಗಳಿಂದ ಮಂದಿ ಮುಂಬೈ, ಪುಣೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಉಗಾದಿಗೆ, ಜಾತ್ರೆಗೆ ವಾಪಸ್ ಬರುವಾಗ ಬಟ್ಟೆ ತರುತ್ತಾರೆ. ನೈಟಿ ನಮ್ಮ ಹಳ್ಳಿಗಳಿಗೆ ಬಂದದ್ದೇ ಹಾಗೆ ಎಂದು ನನ್ನ ಅಂದಾಜು. ಶಹರದಲ್ಲಿ ಮಲಗುವಾಗ ತೊಡುವ ನೈಟಿ, ಇಲ್ಲಿ ಹೆಗಲ ಮೇಲೊಂದು ಟವೆಲ್ ಬಿದ್ದ ಕೂಡಲೇ ಕಿರಾಣಿ ಅಂಗಡಿಗೂ ಗಿರಣಿಗೂ ಹೋಗುವ ಮರ್ಯಾದೆಯ ಉಡುಪಾಯಿತು. ಆ ಟವೆಲ್ ಸೆರಗಿನ ಕೆಲಸ ಮಾಡುತ್ತದೆ. ಇದು ಯಾರ ಡಿಸೈನು? ಹೆಸರಿಲ್ಲ.

ಸರ್ಕಾರವೂ ಒಂದು ಕಾಲಕ್ಕೆ ಬೀದಿಗೆ ಬಣ್ಣ ಹಚ್ಚಿತ್ತು. ತೆಲಂಗಾಣದಲ್ಲಿ 2017ರಲ್ಲಿ ಆರಂಭವಾಗಿ ಕೆಲವು ವರ್ಷ ಬತುಕಮ್ಮ ಹಬ್ಬಕ್ಕೆ ಬಡ ಹೆಣ್ಮಕ್ಕಳಿಗೆ ಸೀರೆ ಹಂಚಲಾಯಿತು. ಬಹುಪಾಲು ಸಿರಿಸಿಲ್ಲದ ಪವರ್‌ಲೂಮುಗಳಲ್ಲಿ ನೇಯ್ದವು. ಅಲ್ಲಿನ ಕಾರ್ಮಿಕರಿಗೆ ಅನ್ನ ಕೊಟ್ಟ ಯೋಜನೆ, ಅಲ್ಲಗಳೆಯಲಾಗದು. ಆದರೆ ಆ ದಿನಗಳಲ್ಲಿ ಒಂದೇ ಓಣಿಯಲ್ಲಿ ಹತ್ತು ಮನೆಯವರು ಒಂದೇ ತರಹದ ಸೀರೆ ಉಟ್ಟು ಎದುರಾದಾಗ ಪರಸ್ಪರ ನೋಡಿ ನಗುತ್ತಿದ್ದರು. ಎಷ್ಟೋ ಸೀರೆಗಳು ಈಗ ಬಾಗಿಲ ಪರದೆಯಾಗಿವೆ, ಹೊಲಕ್ಕೆ ಹಂದಿ ಬಾರದಂತೆ ಕಟ್ಟಿದ ಬೇಲಿಯಾಗಿವೆ.

ಟೇಲರಮ್ಮನ ಕತ್ತರಿ

ನಾರಾಯಣಪೇಟದ ಚಿನ್ನದಂಗಡಿಗಳ ಸಾಲು ದಾಟಿ ಒಳಗೆ ಹೋದರೆ ಫಾಲ್-ಪಿಕೋ ಮಾಡುವ ಒಂದು ಸಣ್ಣ ಟೇಲರಿಂಗ್ ಅಂಗಡಿ ಇದೆ. ನಡೆಸುವವರು ಒಬ್ಬ ಹೆಣ್ಮಗಳು. ಈ ಇಡೀ ತಿರುಗಾಟದಲ್ಲಿ ನನಗೆ ಹೊಸದು ಸಿಕ್ಕಿದ್ದು ಅಲ್ಲಿ. ಕಾಲೇಜು ಹುಡುಗಿಯರು ಅಜ್ಜಿಯ ಹಳೇ ನಾರಾಯಣಪೇಟ ಸೀರೆ ತಂದು ಟಾಪ್ ಹೊಲಿಸುತ್ತಿದ್ದಾರೆ. ಗೋಪುರದ ಅಂಚು ತೋಳಿಗೆ, ಸೆರಗಿನ ಕೆಂಪು ಬಿಳಿ ಪಟ್ಟೆ ಬೆನ್ನಿಗೆ. ಸವೆದ ಜಾಗ ಕತ್ತರಿಸಿ ತೆಗೆಯುತ್ತಾರೆ, ಗಟ್ಟಿ ಇದ್ದದ್ದು ಉಳಿಯುತ್ತದೆ. ಮತ್ತು ಎಲ್ಲ ಹುಡುಗಿಯರೂ ಒಂದೇ ಮಾತು ಹೇಳುತ್ತಾರಂತೆ.

‘ಅಕ್ಕಾ, ಜೇಬು ಇಡ್ರಿ ಅಂತಾರ. ಬ್ಯಾರೆ ಏನೂ ಕೇಳಂಗಿಲ್ಲ. ಸೀರಿ ಹಳೇದಿರಲಿ, ಜೇಬು ದೊಡ್ಡದಿರಬೇಕು.’

ಮಕ್ತಲ್ ಸ್ಟ್ಯಾಂಡಿನ ಅಂಗಿ ನೆನಪಾಯಿತು. ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಗೆ ಹೋದೆ. ಜೇಬು ಆಳ ಮಾಡಿಕೊಂಡಿದ್ದ ಆ ಹೆಣ್ಮಗಳು ಸಿಕ್ಕರು. ಅಂಗಿ ತಿಳಿನೀಲಿ, ಮೇಲೆ ಅರಿಶಿನದ ಬಣ್ಣದ ಸಣ್ಣ ಚೌಕಳಿ. ಒಳಗಿನ ಸೀರೆ ಮಾಸಿದ ಕುಂಕುಮ ಬಣ್ಣದ್ದು. ಬಿಸಿಲಿಗೆ ಎರಡೂ ಕಳೆಗುಂದಿ ಒಂದಕ್ಕೊಂದು ಹೊಂದಿಕೊಂಡುಬಿಟ್ಟಿದ್ದವು. ಒಂದು ಫೋಟೊ ತೆಗೆಯಲೇ ಎಂದು ಕೇಳಿದೆ.

‘ಪೇಪರ್‌ದಾಗ ಹಾಕ್ತೀಯೇನಪಾ? ಮಾರಿ ಬ್ಯಾಡ. ಅಂಗಿ ಬೇಕಾದ್ರ ತಕ್ಕೋ’ ಎಂದರು. ಜೊತೆಯವರೆಲ್ಲ ನಕ್ಕರು. ಟವೆಲ್ ಎಳೆದು ಮುಖ ಮುಚ್ಚಿಕೊಂಡು ನಿಂತರು. ತೆಗೆದೆ. ಆಟೋ ಬಂತು, ಹೋದರು.

ಆ ಫೋಟೊವನ್ನು ಹಿರಿಯ ನೇಕಾರರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ನೀಲಿಗೆ ಎಷ್ಟು ಎಳೆ, ಅರಿಶಿನಕ್ಕೆ ಎಷ್ಟು ಎಳೆ ಎಂದು ತುಟಿಯಲ್ಲೇ ಎಣಿಸಿದರು. ಅಂಚು ಕುಂಕುಮ ಬಣ್ಣ ಇಡಬೇಕು, ಗೋಪುರ ಸಣ್ಣದಿರಬೇಕು, ಸೀರೆ ಜೊತೆಗೇ ಒಂದೂವರೆ ಮೀಟರ್ ಜಾಸ್ತಿ ನೇಯ್ದು ಕೊಟ್ಟರೆ ಅಂಗಿಯಂಥ ಕುಪ್ಪಸ ಹೊಲಿಸಬಹುದು ಎಂದರು. ಆದರೆ ಹಾಸು ಏರಿಸಬೇಕಾದರೆ ನೂಲು ಕೊಡುವ ಸಾವಕಾರ ಒಪ್ಪಬೇಕು. ಎಂಟು ಸೀರೆಯ ಮಾತು.

‘ಏಳು ಅನ್ರಿ. ಒಂದು ನನಗ’ ಎಂದರು ಕಾಕು ಒಳಗಿನಿಂದ. ‘ಜೇಬಿರ್ತದಂದ್ರ ಉಡ್ತೀನಿ.’

ಇದನ್ನು ಬರೆಯುವ ಹೊತ್ತಿಗೆ ಸಾವಕಾರರು ಇನ್ನೂ ಹ್ಞೂಂ ಎಂದಿಲ್ಲ.